‘ಆಯ್ತು’ ಬಿಟ್ಟು ‘ಮಾಡಿದ್ರು’: ಮನೆಮಂದಿ ಕೂತು ಉಪಕಾರ ನೆನೆಯುವ ಹತ್ತು ವಾರ

ನಮ್ಮ ಮನೆಗಳ ಮಾತಿನಲ್ಲಿ ಕೆಲಸಗಳೆಲ್ಲ ತಮ್ಮಷ್ಟಕ್ಕೆ ತಾವೇ ಆಗುತ್ತವೆ. ‘ಕಾಫಿ ಆಯ್ತು’, ‘ತಿಂಡಿ ಆಗಿದೆ’, ‘ಹಂಡೆ ನೀರು ಕಾದಿದೆ’, ‘ಬಟ್ಟೆ ಒಣಗಿದೆ’. ಆಷಾಢದ ಮಳೆಯಲ್ಲಿ ಐದು ಗಂಟೆಗೇ ಎದ್ದು, ಥಂಡಿ ಹಿಡಿದ ಸೌದೆಯನ್ನು ಊದಿ ಊದಿ ಬಚ್ಚಲ ಒಲೆ ಹೊತ್ತಿಸಿದವರು ಆ ವಾಕ್ಯದಲ್ಲಿ ಎಲ್ಲೂ ಕಾಣುವುದಿಲ್ಲ. ಕನ್ನಡದ ಈ ‘ಆಗು’ ಬಹಳ ಉಪಯೋಗದ ಧಾತು. ಮಾಡಿದವರನ್ನು ಮರೆಸುವುದರಲ್ಲೂ ಅದಕ್ಕೆ ಸಮನಿಲ್ಲ. ದಿನಕ್ಕೊಮ್ಮೆ ಮನೆಮಂದಿಯೆಲ್ಲ ಕೂತು ಉಪಕಾರ ನೆನೆಯುವ ಅಭ್ಯಾಸವನ್ನು ನಾವು ನಿಲ್ಲಿಸಿಕೊಂಡಿರುವುದು ಈ ಒಂದು ವ್ಯಾಕರಣದ ತಿದ್ದುಪಡಿಯ ಮೇಲೆ. ಆ ಹತ್ತು ನಿಮಿಷ ‘ಆಯ್ತು’ ಅನ್ನುವಂತಿಲ್ಲ. ಯಾರು ಮಾಡಿದ್ದು ಅಂತ ಹೇಳಬೇಕು.

‘ಧನ್ಯವಾದ’ ಎಂಬ ಮಾತನ್ನು ಮನೆಯೊಳಗೆ ತರುವ ಗೋಜಿಗೇ ಹೋಗಬಾರದು. ಅದು ಸಭೆಯ ಕೊನೆಯ ವಂದನಾರ್ಪಣೆಯ ಮಾತು. ಹಾಸನದ ಕಡೆಯ ಅಡುಗೆಮನೆಯಲ್ಲಿ ಮಗ ಬಂದು ‘ಅಮ್ಮಾ, ಧನ್ಯವಾದಗಳು’ ಅಂದರೆ ಆಕೆ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ‘ಥ್ಯಾಂಕ್ಸ್’ ಅಂಗಡಿಗೆ ಸಾಕು. ನಮ್ಮಲ್ಲಿ ಇದಕ್ಕೆ ಬೇರೆ ಮಾತುಗಳಿವೆ: ‘ನಿನ್ನ ಹೊಟ್ಟೆ ತಣ್ಣಗಿರ್ಲಿ’, ‘ಪುಣ್ಯ ಬರ್ಲಿ ಕಣಪ್ಪ’, ಮಲೆನಾಡಿನ ಕಡೆ ‘ಬದುಕಿಸ್ದೆ ಮಾರಾಯ’. ಊಟ ಮುಗಿದಾಗ ‘ಅನ್ನದಾತೋ ಸುಖೀಭವ’ ಎನ್ನುವ ರೂಢಿಯಿರುವ ಮನೆಗಳೂ ಇವೆ. ಗಮನಿಸಿ, ಆ ವಾಕ್ಯದಲ್ಲಿ ಇಕ್ಕಿದವರು ಇದ್ದಾರೆ, ಉಂಡವರ ಸುದ್ದಿಯೇ ಇಲ್ಲ. ಮನೆಯ ಹಿರಿಯರ ಬಾಯಲ್ಲಿ ಇವುಗಳಲ್ಲಿ ಯಾವುದು ಓಡಾಡುತ್ತದೋ ಅದನ್ನೇ ಉಳಿಸಿಕೊಂಡರೆ ಮಕ್ಕಳಿಗೆ ನಾಚಿಕೆಯಾಗುವುದಿಲ್ಲ.

ಹತ್ತು ವಾರ ಎಂದು ಲೆಕ್ಕ ಹಾಕಿಕೊಂಡದ್ದಕ್ಕೆ ಕಾರಣವಿದೆ. 21 ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತು ಎಲ್ಲ ಕಡೆ ತಿರುಗುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಇದೆ: ಹೊಸ ರೂಢಿಯೊಂದು ಕೈಗೂಡಲು ಸರಾಸರಿ 66 ದಿನ. ಕೆಲವರಿಗೆ 18 ದಿನದಲ್ಲೇ ಕೂಡಿಬಂತು, ಕೆಲವರಿಗೆ 254 ದಿನ ಹಿಡಿಯಬಹುದೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಹತ್ತು ವಾರ ಅಂದರೆ 70 ದಿನ. ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕ್ಕಲೊ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮೊದಲನೆಯದೂ ಹತ್ತು ವಾರದ್ದೇ. ವಾರಕ್ಕೊಮ್ಮೆ ಕೃತಜ್ಞತೆಯ ಸಂಗತಿ ಬರೆದವರು, ತಮ್ಮ ಕಿರಿಕಿರಿಗಳನ್ನು ಬರೆದವರಿಗಿಂತ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಬಹಳ ಮನೆಗಳು ಎಡವುವುದು ಇಲ್ಲೇ. ಊಟಕ್ಕೆ ಮುಂಚೆ ಎಲ್ಲರೂ ಒಂದೊಂದು ಮಾತು ಹೇಳಿ ಎಂಬ ಸಲಹೆ, ಅಡುಗೆಯನ್ನೆಲ್ಲ ಮೇಜಿನ ಮೇಲಿಟ್ಟು ಒಟ್ಟಿಗೆ ಕೂರುವ ದೇಶದಿಂದ ಬಂದದ್ದು. ನಮ್ಮಲ್ಲಿ ಅಕ್ಕಿರೊಟ್ಟಿ ಒಂದೊಂದೇ ಕಾವಲಿಯಿಂದ ತಟ್ಟೆಗೆ ಬರುತ್ತದೆ. ತಟ್ಟುವವರು ಕೊನೆಯ ರೊಟ್ಟಿಯವರೆಗೂ ಒಲೆಯ ಮುಂದೆ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ, ಭಾಷಣಕ್ಕೆ ಕಾಯುವುದಿಲ್ಲ. ಊಟದ ಮುಂಚೆಯೋ ನಡುವೆಯೋ ಇಟ್ಟುಕೊಂಡರೆ, ಯಾರನ್ನು ಮೊದಲು ನೆನೆಯಬೇಕೋ ಅವರೊಬ್ಬರೇ ಆ ಸುತ್ತಿನಲ್ಲಿ ಇರುವುದಿಲ್ಲ. ಆದ್ದರಿಂದ ಅಡುಗೆ ಮಾಡಿದವರೂ ಉಂಡು ಕೈ ತೊಳೆದ ಮೇಲೆ, ಪಾತ್ರೆಗೆ ಕೈ ಹಾಕುವ ಮುಂಚೆ. ಧಾರಾವಾಹಿ ನೋಡುವ ಮನೆಯಾದರೆ ಅದು ಮುಗಿದ ಮೇಲೆ. ಅತ್ತೆಯ ಧಾರಾವಾಹಿ ನಿಲ್ಲಿಸಿ ಕೃತಜ್ಞತೆ ಕಲಿಸಲು ಹೊರಟವರು ಯಾರೂ ಗೆದ್ದಿಲ್ಲ. ಮೊಬೈಲುಗಳು ಬೇರೆ ಕೋಣೆಯಲ್ಲಿ. ನಾಲ್ಕೈದು ಜನಕ್ಕೆ ಎಂಟರಿಂದ ಹತ್ತು ನಿಮಿಷ ಸಾಕು. ಹದಿನೈದು ದಾಟಿತೋ, ಎರಡನೇ ವಾರದಲ್ಲಿ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಹೋಂವರ್ಕ್ ಬರುತ್ತದೆ.

ಋತುವನ್ನೂ ನೋಡಬೇಕು. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕುಯ್ಲಿನ ಕಾಲದಲ್ಲಿ, ಅಂದರೆ ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಮುಗಿಯುವವರೆಗೆ, ರಾತ್ರಿ ಎಂಟಕ್ಕೇ ಎಲ್ಲರ ಕಣ್ಣೂ ಮುಚ್ಚುತ್ತಿರುತ್ತದೆ. ಆಗ ಹೊಸದಾಗಿ ಶುರುಮಾಡಬಾರದು. ನಡೆಯುತ್ತಿರುವುದನ್ನೂ ತಲೆಗೊಂದು ವಾಕ್ಯಕ್ಕೆ ಇಳಿಸಬೇಕು. ಪರೀಕ್ಷೆಯ ತಿಂಗಳೂ ಹಾಗೆಯೇ. ಶುರುಮಾಡಲು ಜೂನ್‌, ಜುಲೈನಷ್ಟು ಒಳ್ಳೆಯ ಕಾಲ ಬೇರೆ ಇಲ್ಲ: ಹೊರಗೆ ಜಡಿಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಒಂದು ಮೇಣದಬತ್ತಿಯ ಸುತ್ತ ಎಲ್ಲರೂ ತಾವಾಗಿಯೇ ಕೂತಿರುತ್ತಾರೆ.

ಇನ್ನು ವಾಕ್ಯದ ಕಟ್ಟು. ಯಾರು, ಏನು ಮಾಡಿದರು, ಅದಕ್ಕೆ ಅವರದು ಏನು ಹೋಯಿತು, ಅದರಿಂದ ನನಗೇನು ಸಲೀಸಾಯಿತು. ಈ ನಾಲ್ಕು ಇರಬೇಕು. ‘ಅಮ್ಮ ತುಂಬ ಒಳ್ಳೆಯವಳು’ ಎನ್ನುವುದು ಲೆಕ್ಕಕ್ಕಿಲ್ಲ. ಅದು ಗುಣಗಾನ, ಕೇಳಿದ ಅಮ್ಮನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ‘ಅಮ್ಮಾ, ನೀನು ನನ್ನ ಯೂನಿಫಾರ್ಮನ್ನ ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ದೆ. ರಾತ್ರಿ ಎರಡು ಸಲ ಎದ್ದು ತಿರುಗಿಸಿದ್ದೆ. ಅದಕ್ಕೇ ಇವತ್ತು ಒದ್ದೆ ಬಟ್ಟೇಲಿ ಹೋಗೋದು ತಪ್ತು’ ಎಂದರೆ ಅದು ಪೂರ್ತಿ ವಾಕ್ಯ. ಮೂರನೆಯ ಭಾಗ, ಅಂದರೆ ಅವರದು ಏನು ಹೋಯಿತು ಎಂಬುದು, ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ನಿದ್ದೆಯೋ, ಬಸ್ಸಿನ ಸೀಟೋ, ಕೊನೆಯ ಹೋಳಿಗೆಯೋ, ಅರ್ಧ ದಿನದ ಕೂಲಿಯೋ ಅಂತ ಅದನ್ನು ಹುಡುಕುವಾಗಲೇ ಮನಸ್ಸು ಇನ್ನೊಬ್ಬರ ಜಾಗಕ್ಕೆ ಹೋಗಿ ಬರುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ‘ದಿನದ ಮೂರು ಒಳ್ಳೆಯ ಸಂಗತಿ’ ಅಭ್ಯಾಸದಲ್ಲೂ ಸಂಗತಿಯ ಪಕ್ಕದಲ್ಲಿ ‘ಇದು ಯಾಕೆ ಆಯಿತು’ ಎಂದು ಬರೆಯಬೇಕಿತ್ತು. ಒಂದೇ ವಾರದ ಆ ಅಭ್ಯಾಸದ ಫಲ ಆರು ತಿಂಗಳವರೆಗೂ ಕಂಡಿತು, ಅದರಲ್ಲೂ ತಾವಾಗಿಯೇ ಮುಂದುವರಿಸಿದವರಲ್ಲಿ.

ಕೇಳಿಸಿಕೊಳ್ಳುವವರಿಗೂ ಒಂದು ಕಟ್ಟಳೆ ಬೇಕು. ನಮ್ಮ ಹಿರಿಯರಿಗೆ ಹೊಗಳಿಕೆ ಅಂದರೆ ಮೈಮೇಲೆ ಬಿದ್ದ ಇರುವೆ, ತಕ್ಷಣ ಕೊಡವಬೇಕು. ‘ಅಯ್ಯೋ, ಅದೇನ್ ಮಹಾ ಬಿಡು’, ‘ನಾನಲ್ದೆ ಇನ್ಯಾರ್ ಮಾಡ್ತಾರೆ’. ಹೀಗೆ ನಾಲ್ಕು ದಿನ ಕೊಡವಿದರೆ ಮಗು ಹೇಳುವುದನ್ನೇ ಬಿಡುತ್ತದೆ. ಹಾಗಾಗಿ ಉತ್ತರ ಒಂದೇ: ‘ಹ್ಞೂಂ’. ಬೇಕಾದರೆ ‘ಸರಿ ಕಣೋ’. ಅದಕ್ಕಿಂತ ಉದ್ದ ಬೇಡ.

ಸರದಿ ಕಿರಿಯರಿಂದ ಶುರುವಾಗಲಿ. ತಾತನೋ ಅಪ್ಪನೋ ಮೊದಲು ಮಾತಾಡಿದರೆ ಉಳಿದವರು ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಾರೆ. ಮೂರ್ನಾಲ್ಕು ವರ್ಷದ ಮಗು ‘ನಂಗೆ ಮಾವಿನ್ಹಣ್ಣು ಇಷ್ಟ ಆಯ್ತು’ ಅಂದರೆ ಅಷ್ಟು ಸಾಕು, ದೊಡ್ಡವರೊಬ್ಬರು ‘ಯಾರು ಹೆಚ್ಚಿ ಕೊಟ್ರು ಪುಟ್ಟಾ?’ ಎಂದು ಒಂದೇ ಒಂದು ಪ್ರಶ್ನೆ ಕೇಳಬಹುದು. ಏಳೆಂಟು ವರ್ಷವಾಗುವ ಹೊತ್ತಿಗೆ ‘ಬೇಕಂತಲೇ ನನಗೋಸ್ಕರ ಮಾಡಿದರು’ ಎಂಬುದು ಮಕ್ಕಳಿಗೆ ಹೊಳೆಯತೊಡಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಆಂಡ್ರಿಯಾ ಹಸಾಂಗ್ ಅವರ ತಂಡ ಮಕ್ಕಳ ಕೃತಜ್ಞತೆಯನ್ನು ನಾಲ್ಕು ತುಂಡು ಮಾಡಿ ನೋಡಿತು: ಏನು ಸಿಕ್ಕಿತು ಎಂದು ಗಮನಿಸುವುದು, ಯಾಕೆ ಸಿಕ್ಕಿತು ಎಂದು ಯೋಚಿಸುವುದು, ಏನನ್ನಿಸಿತು ಎಂಬುದು, ಆಮೇಲೆ ಏನು ಮಾಡಿದೆ ಎಂಬುದು. ನಾವು ಮಕ್ಕಳಿಗೆ ಕಲಿಸುವುದು ಬರೀ ನಾಲ್ಕನೆಯದನ್ನು. ‘ಥ್ಯಾಂಕ್ಸ್ ಹೇಳು, ಹೇಳು, ಆಂಟಿಗೆ ಹೇಳು’ ಎಂದು ಬಾಗಿಲಲ್ಲಿ ನಿಂತು ತಿವಿಯುತ್ತೇವೆ. ಮೊದಲ ಮೂರನ್ನು ಪ್ರಶ್ನೆ ಕೇಳಿ ಹೊರತೆಗೆದರೆ ನಾಲ್ಕನೆಯದು ತಾನಾಗಿ ಬರುತ್ತದೆ.

ಮೊದಲೆರಡು ವಾರ ಸುಲಭ. ಹೊಸತನದ ಹುರುಪು ಇರುತ್ತದೆ, ಹೇಳದೇ ಉಳಿದ ಹಳೆಯ ಬಾಕಿಯೂ ಬೇಕಾದಷ್ಟಿರುತ್ತದೆ. ಮೂರನೇ ವಾರಕ್ಕೆ ಬಾವಿ ಬತ್ತುತ್ತದೆ. ‘ಊಟ ಚೆನ್ನಾಗಿತ್ತು’, ‘ಅಪ್ಪ ಸ್ಕೂಲಿಗೆ ಬಿಟ್ರು’, ‘ನಂದೂ ಅದೇ’. ಇಲ್ಲಿ ಬಿಡುವವರೇ ಹೆಚ್ಚು. ತಮ್ಮ ಮನೆಯವರಿಗೆ ಭಾವನೆಯೇ ಇಲ್ಲ ಅಂದುಕೊಳ್ಳುತ್ತಾರೆ. ಭಾವನೆ ಎಲ್ಲೂ ಹೋಗಿರುವುದಿಲ್ಲ. ಯಾವ ಸುಖಕ್ಕೂ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ, ಒಂದೇ ಮಾತನ್ನು ದಿನಾ ಹೇಳಿದರೆ ಅದು ಹಾಜರಿ ಕೂಗಿದಂತಾಗುತ್ತದೆ, ಅಷ್ಟೆ. ಮನಃಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರ ಆರು ವಾರದ ಪ್ರಯೋಗದಲ್ಲಿ ಕೃತಜ್ಞತೆಯ ಸಂಗತಿಗಳನ್ನು ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಲಾಭ ಕಂಡಿತು. ಹಾಗಾದರೆ ದಿನಾ ಯಾಕೆ ಎಂದು ಕೇಳಬಹುದು. ನಾವು ಮಾಡಿಕೊಂಡ ರಾಜಿ ಹೀಗೆ: ಹೇಳುವುದು ದಿನಾ, ಬರೆಯುವುದು ಭಾನುವಾರ ಮಾತ್ರ. ಮಾತು ರೂಢಿಯನ್ನು ಕಾಪಾಡುತ್ತದೆ, ಬರವಣಿಗೆ ಹಳಸದೆ ಉಳಿಯುತ್ತದೆ.

ಹೇಳುವುದಕ್ಕೂ ದಿನಕ್ಕೊಂದು ದಿಕ್ಕು ಇಟ್ಟುಕೊಳ್ಳಬೇಕು. ಸೋಮವಾರ ಮನೆಯೊಳಗಿನವರು. ಮಂಗಳವಾರ ಬೀದಿಯವರು: ಹಾಲಿನವರು, ನೀರುಗಂಟಿ, ಕಸದ ಗಾಡಿಯವರು, ಹಳ್ಳಿಯ ಕಡೆಯ ಕೊನೆಯ ಬಸ್ಸಿನ ಡ್ರೈವರ್, ಕಂಡಕ್ಟರ್, ಗಾಳಿಮಳೆಗೆ ಮರ ಬಿದ್ದಾಗ ಕಂಬ ಹತ್ತಿದ ಲೈನ್‌ಮನ್. ಬುಧವಾರ ನಮ್ಮ ಮೈ, ಅಂದರೆ ನೋವಿಲ್ಲದ ಮಂಡಿ, ಕಟ್ಟದ ಮೂಗು. ಇದು ಅಜ್ಜಿಯರ ವಾರ, ಸಂಗತಿಗೆ ಬರವೇ ಇಲ್ಲ. ಗುರುವಾರ ಒಂದು ವಸ್ತು ಅಥವಾ ಹತ್ಯಾರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಬೈಕಿಗೆ ಅರಿಸಿನ ಕುಂಕುಮ ಹಚ್ಚುತ್ತೇವಲ್ಲ, ಅದನ್ನೇ ವಾರಕ್ಕೊಮ್ಮೆ ಬಾಯಲ್ಲಿ ಮಾಡಿದ ಹಾಗೆ. ಶುಕ್ರವಾರ ಒಂದು ಊಟದ ಬೆನ್ನು ಹತ್ತುವುದು. ಶನಿವಾರ ಈಗ ಎದುರಿಗಿಲ್ಲದವರು: ತೀರಿಕೊಂಡವರು, ಊರು ಬಿಟ್ಟವರು, ಮೂರನೇ ಕ್ಲಾಸಿನ ಮೇಷ್ಟ್ರು.

ಶುಕ್ರವಾರದ್ದು ಮಕ್ಕಳಿಗೆ ಬಹಳ ಹಿಡಿಸುತ್ತದೆ, ಸ್ವಲ್ಪ ಬಿಡಿಸಿ ಹೇಳಬೇಕು. ತಟ್ಟೆಯಲ್ಲಿದ್ದ ಒಂದೇ ಪದಾರ್ಥವನ್ನು ಎತ್ತಿಕೊಂಡು ಹಿಂದಕ್ಕೆ ಹೋಗುವುದು, ಪ್ರತಿ ಹೆಜ್ಜೆಗೂ ಕೈ ಎಣಿಸುವುದು. ಉದಾಹರಣೆಗೆ ಬೆಳಗಿನ ಕಾಫಿ. ಲೋಟ ತಂದುಕೊಟ್ಟವರು, ಡಿಕಾಕ್ಷನ್ ಇಳಿಸಿದವರು, ಹಸು ಕರೆದವರು, ಪುಡಿ ಮಾಡಿದವರು, ಹುರಿದವರು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆಯ್ದ ಹೆಂಗಸರು, ಕಣದಲ್ಲಿ ಹರವಿ ದಿನಾ ಕೈಯಾಡಿಸಿದವರು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಡೆಸಿದವರು, ಹಣ್ಣು ಕುಯ್ದವರು. ಐದಾರು ಕಿಲೋ ಹಣ್ಣು ಕುಯ್ದರೆ ಒಂದು ಕಿಲೋ ಬೀಜ, ಹುರಿದರೆ ಅದೂ ಇಳಿಯುತ್ತದೆ. ಅದಕ್ಕೂ ಹಿಂದೆ ಎತ್ತರದ ನೆರಳಿನ ಮರ ಹತ್ತಿ ಕೊಂಬೆ ಸವರಿ ಮರಗಸಿ ಮಾಡಿದವರು, ಗಿಡದ ಬುಡ ಬಿಡಿಸಿದವರು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದದ್ದು. ಅಲ್ಲಿಂದ ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು. ಇನ್ನೂ ಹಿಂದೆ ಹೋದರೆ ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರದಲ್ಲಿ ರೋಗ ತಡೆಯುವ ತಳಿಗಾಗಿ ದುಡಿದವರು. ಅದರಾಚೆ ಬಾಬಾಬುಡನ್ ಗಿರಿಗೆ ಏಳು ಬೀಜ ತಂದರೆಂಬ ಫಕೀರರ ಐತಿಹ್ಯ. ಚಿಕ್ಕಮಗಳೂರಿನ ಮಕ್ಕಳಿಗೆ ಈ ಸರಪಳಿಯ ಅರ್ಧ ಕೊಂಡಿಗಳು ಕಣ್ಣೆದುರೇ ಇರುತ್ತವೆ, ಆದರೂ ಲೋಟದೊಳಗೆ ಅವನ್ನು ಕಂಡಿರುವುದಿಲ್ಲ. ಅರಸೀಕೆರೆಯ ಕಡೆಯವರು ಇದನ್ನೇ ಮುದ್ದೆಗೋ ತೆಂಗಿನಕಾಯಿ ಚಟ್ನಿಗೋ ಮಾಡಬಹುದು. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಉಂಡು ಬಂದ ರಾತ್ರಿ ಈ ಆಟ ಆಡಿ ನೋಡಬೇಕು. ಅಲ್ಲೂ ನಾವು ‘ಪ್ರಸಾದ ಆಯ್ತು’ ಅಂದುಕೊಂಡೇ ಬಂದಿರುತ್ತೇವೆ. ಅಷ್ಟು ಜನಕ್ಕೆ ಅಕ್ಕಿ ತೊಳೆದವರು, ಬಡಿಸುತ್ತ ಬಗ್ಗಿ ಬೆನ್ನು ನೋಯಿಸಿಕೊಂಡವರು, ನೆಲ ಒರೆಸಿದವರು ಆಮೇಲೆ ಒಬ್ಬೊಬ್ಬರಾಗಿ ನೆನಪಾಗುತ್ತಾರೆ.

‘ದೇವರ ದಯೆ’ ಎಂಬ ಉತ್ತರದ ಬಗ್ಗೆ ಇಲ್ಲೇ ಒಂದು ಮಾತು. ಹಿರಿಯರು ಎಲ್ಲಕ್ಕೂ ಅದನ್ನೇ ಹೇಳಿ ಕೈಮುಗಿಯುತ್ತಾರೆ. ಅದನ್ನು ತಿದ್ದಲು ಹೋಗಬಾರದು, ಅದು ಅವರ ಕೃತಜ್ಞತೆಯ ದೊಡ್ಡ ರೂಪ. ‘ಅಜ್ಜಿ, ದೇವರು ಅದನ್ನ ಯಾರ ಕೈಲಿ ಕಳಿಸಿದ?’ ಎಂದು ಕೇಳಿದರೆ ಸಾಕು. ನೋಡಲು ಸಣ್ಣ ಪ್ರಶ್ನೆ, ಸಲೀಸಾಗಿ ಮನುಷ್ಯರ ಹೆಸರು ಹೊರಡುತ್ತದೆ.

ಐದನೇ ವಾರದಿಂದ ‘ಇಲ್ಲದಿದ್ದರೆ’ ಆಟ ಸೇರಿಸಬಹುದು. ಇರುವುದನ್ನು ಎಣಿಸುವ ಬದಲು, ಇದು ಕೈತಪ್ಪಿ ಹೋಗಬಹುದಿದ್ದ ದಾರಿಗಳನ್ನು ನೆನೆಯುವುದು. ತಮ್ಮ ಸಂಗಾತಿಯನ್ನು ಭೇಟಿಯಾದ ಬಗೆಯನ್ನು ಬರೆದವರಿಗಿಂತ, ಭೇಟಿಯಾಗದೇ ಹೋಗಬಹುದಿದ್ದ ಬಗೆಯನ್ನು ಬರೆದವರಿಗೆ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಕಂಡಿತು ಎಂದು 2008ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ‘ಆವತ್ತು ಬೇಲೂರಿನ ಆ ಮದುವೆಮನೆಗೆ ಹೋಗದೇ ಇದ್ದಿದ್ರೆ?’ ಎಂದು ಗಂಡ ಹೆಂಡತಿ ಮಾತಿಗೆ ಕೂತರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಒಂದು ಎಚ್ಚರ ಬೇಕು: ಎಂಟು ವರ್ಷದೊಳಗಿನ ಮಕ್ಕಳ ಜೊತೆ ಇದನ್ನು ಮನುಷ್ಯರ ಮೇಲೆ ಆಡಬಾರದು. ‘ಅಮ್ಮ ಇಲ್ಲದಿದ್ದರೆ’ ಎಂದರೆ ಮಗುವಿಗೆ ಕೃತಜ್ಞತೆ ಬರುವುದಿಲ್ಲ, ಭಯ ಬರುತ್ತದೆ, ಮಧ್ಯರಾತ್ರಿ ಎದ್ದು ಅಮ್ಮನ ಸೆರಗು ಹುಡುಕುತ್ತದೆ. ಅವರಿಗೆ ಛತ್ರಿ, ಸೇತುವೆ, ಕನ್ನಡಕ ಸಾಕು.

ಭಾನುವಾರದ ಬರವಣಿಗೆಗೆ 200 ಪುಟದ ಒಂದು ಗೆರೆ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ದಾರ ಕಟ್ಟದ ಪೆನ್ನು ಮುಂದಿನ ಭಾನುವಾರ ಇರುವುದಿಲ್ಲ. ವಾರಕ್ಕೆ ಒಂದು ಪುಟದಂತೆ ಹೋದರೆ ಒಂದು ಪುಸ್ತಕ ನಾಲ್ಕು ವರ್ಷಕ್ಕೆ ಹತ್ತಿರ ಬರುತ್ತದೆ. ಪ್ರತಿಯೊಬ್ಬರೂ ಆ ವಾರ ಹೇಳಿದ್ದರಲ್ಲಿ ಒಂದನ್ನೇ ಆರಿಸಿ ಮೂರರಿಂದ ಐದು ಸಾಲು. ಹತ್ತು ಸಂಗತಿ ಪಟ್ಟಿ ಮಾಡುವುದಕ್ಕಿಂತ ಒಂದನ್ನು ಬಿಡಿಸಿ ಬರೆಯುವುದು ಮೇಲು. ಓದು ಬರಹ ಬಾರದ ಹಿರಿಯರಿದ್ದರೆ ಮೊಮ್ಮಕ್ಕಳು ಬರೆದುಕೊಳ್ಳಲಿ, ಅವರ ಮಾತನ್ನು ಗ್ರಾಂಥಿಕ ಮಾಡದೆ ಹೇಳಿದ ಹಾಗೇ. ತಿಂಗಳ ಕೊನೆಯ ಭಾನುವಾರ ಬರೆಯುವುದು ಬೇಡ, ಹಿಂದಿನ ಪುಟ ಓದುವುದು.

ಏಳನೇ ಎಂಟನೇ ವಾರದಲ್ಲಿ ಮನೆಯ ಹೊರಗಿನ ಒಬ್ಬರಿಗೆ ಕಾಗದ ಬರೆಯಬೇಕು. ಒಂದು ಪುಟ, ಮೇಲೆ ಹೇಳಿದ ನಾಲ್ಕು ಭಾಗದ ಕಟ್ಟಿನಲ್ಲೇ. ಆಗುವುದಾದರೆ ತೆಗೆದುಕೊಂಡು ಹೋಗಿ ಎದುರಿಗೆ ಕೂತು ಓದಬೇಕು. ಇದು ಎಲ್ಲರೂ ಮುಂದೂಡುವ ಹೆಜ್ಜೆ. ‘ಏನಂದ್ಕೊಂಡಾರೋ’, ‘ಇಷ್ಟು ವರ್ಷ ಆದ್ಮೇಲೆ ಯಾಕೆ’, ‘ದುಡ್ಡು ಕೇಳೋಕೆ ಬಂದಿದಾರೆ ಅಂದ್ಕೊಂಡ್ರೆ?’ ಅಮೆರಿಕದ ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇದನ್ನೇ ಅಳೆದು ನೋಡಿದರು: ಬರೆದವರು ಓದುವವರಿಗಾಗುವ ಸಂತೋಷವನ್ನು ಕಡಿಮೆ ಅಂದಾಜು ಮಾಡಿದ್ದರು, ಮುಜುಗರವನ್ನು ಹೆಚ್ಚು ಅಂದಾಜು ಮಾಡಿದ್ದರು. ಭಾಷೆ ಚೆನ್ನಾಗಿದೆಯೋ ಇಲ್ಲವೋ ಎಂದು ಬರೆದವರು ತಲೆಕೆಡಿಸಿಕೊಂಡರು, ಓದಿದವರಿಗೆ ಅದು ಬರೆದವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಕಂಡಿತು. ಹೋಗುವಾಗ ಹಣ್ಣು, ಸ್ವೀಟು ಬಾಕ್ಸು ಒಯ್ಯಬಾರದು ಎಂಬುದು ನಮ್ಮ ಅಭಿಪ್ರಾಯ. ಒಯ್ದರೆ ಅದು ಋಣ ತೀರಿಸಲು ಬಂದಂತಾಗುತ್ತದೆ, ಅವರೂ ಮರುದಿನ ಏನಾದರೂ ಕಳಿಸಬೇಕಾಗುತ್ತದೆ.

ಋಣ ಎಂಬ ಮಾತು ಬಂದದ್ದರಿಂದ, ಕೆಡುವ ಜಾಗಗಳ ವಿಚಾರ. ಕೊಟ್ಟವರು ವಾಪಸು ನಿರೀಕ್ಷಿಸುತ್ತಾರೆಂದು ಗೊತ್ತಾದಷ್ಟೂ ಕೃತಜ್ಞತೆ ಇಳಿಯುತ್ತದೆ, ಋಣಭಾರ ಏರುತ್ತದೆ. ‘ನಿಮಗೋಸ್ಕರ ನಾನು ಎಷ್ಟು ಮಾಡಿದೀನಿ ಗೊತ್ತಾ’ ಎಂದು ತಂದೆತಾಯಿ ಆ ಸುತ್ತಿನಲ್ಲಿ ಒಂದು ಸಲ ಅಂದರೂ ಆ ರಾತ್ರಿಯಿಂದ ಮಕ್ಕಳು ಹೇಳುವುದೆಲ್ಲ ಕಂತು ಕಟ್ಟಿದ ಹಾಗೆ. ಇನ್ನೊಂದು, ‘ತಿನ್ನೋಕೆ ಅನ್ನ ಇಲ್ಲದ ಮಕ್ಕಳು ಎಷ್ಟು ಜನ ಇದಾರೆ’ ಎಂಬ ಹೋಲಿಕೆ. ಅದರಿಂದ ಮಗುವಿಗೆ ಬರುವುದು ಅಪರಾಧಿ ಭಾವ. ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳನ್ನು ತೋರಿಸಿ ಪಾಠ ಹೇಳುವುದಂತೂ ಇನ್ನೂ ಕೆಟ್ಟದ್ದು. ಅವರ ಬಡತನ ನಮ್ಮ ಮಕ್ಕಳ ಪಠ್ಯವಲ್ಲ.

ಚುಚ್ಚುಮಾತು ನುಸುಳುವುದು ಸಣ್ಣ ಪ್ರತ್ಯಯಗಳಲ್ಲಿ. ‘ಇವತ್ತಾದ್ರೂ ಬೇಗ ಎದ್ದೆಯಲ್ಲ’, ‘ನೀನೂ ಒಂದು ದಿನ ಪಾತ್ರೆ ತೊಳೆದೆ’. ಕೇಳಲು ಮೆಚ್ಚುಗೆ, ಒಳಗೆ ಮುಳ್ಳು. ‘ಆದ್ರೂ’, ‘ಆದರೆ’ ಎರಡನ್ನೂ ಆ ಹತ್ತು ನಿಮಿಷದ ಮಟ್ಟಿಗೆ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಅದನ್ನು ಹೇಳುವ ಹೊತ್ತು ಬೇರೆ. ಹೇಳುವ ಜಾಗ ಮಾತ್ರ ಇರಲೇಬೇಕು. ದೂರಿಗೆ ಬಾಗಿಲು ಮುಚ್ಚಿದ ಮನೆಯಲ್ಲಿ ಉಪಕಾರದ ಮಾತೂ ಬಾಯಿ ಮುಚ್ಚಿಸುವ ಮಾತಾಗುತ್ತದೆ. ಶನಿವಾರ ಬೆಳಗಿನ ತಿಂಡಿಯ ಮೇಲೆ ಹತ್ತು ನಿಮಿಷ ದೂರಿಗೇ ಮೀಸಲಿಟ್ಟ ಮನೆಗಳಲ್ಲಿ ರಾತ್ರಿಯ ಸುತ್ತು ಹೆಚ್ಚು ದಿನ ಬಾಳುತ್ತದೆ. ಕುಡಿತ, ಹೊಡೆತ ಇರುವ ಮನೆಯಲ್ಲಿ ಈ ಅಭ್ಯಾಸ ಬೇಡವೇ ಬೇಡ. ಏಟು ತಿಂದವರ ಬಾಯಲ್ಲಿ ಹೊಡೆದವರ ಒಳ್ಳೆಯತನ ಹೇಳಿಸುವುದು ಹಿಂಸೆಯ ಇನ್ನೊಂದು ರೂಪ.

ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ನೋಟ್‌ಬುಕ್ಕಿನ ಫೋಟೊ ಹಾಕಬಾರದು. ಹಾಕಿದ ಮಾರನೇ ವಾರದಿಂದ ಎಲ್ಲರೂ ದೊಡ್ಡಮ್ಮ, ಚಿಕ್ಕಪ್ಪಂದಿರಿಗಾಗಿ ಬರೆಯತೊಡಗುತ್ತಾರೆ.

ಹದಿಹರೆಯದವರ ವಿಷಯಕ್ಕೆ ಬಂದರೆ, ಅವರಿಗೆ ‘ಪಾಸ್’ ಹೇಳುವ ಹಕ್ಕು ಕೊಡಬೇಕು. ಕೂತಿದ್ದರೆ ಸಾಕು, ಬಾಯಿ ಬಿಡಬೇಕೆಂದಿಲ್ಲ. ಪಿಯುಸಿ ಹುಡುಗ ಮೂರು ವಾರ ಪಾಸ್ ಅಂದು, ನಾಲ್ಕನೇ ವಾರ ಬಾಗಿಲ ಕಡೆ ನೋಡುತ್ತ ಒಂದೇ ಉಸಿರಿನಲ್ಲಿ ಒಂದು ವಾಕ್ಯ ಹೇಳಿ ಎದ್ದು ಹೋಗುವುದು ಮಾಮೂಲು. ಅದನ್ನು ಹಿಡಿದು ‘ನೋಡ್ರೋ, ಮಾತಾಡ್ದ!’ ಅನ್ನಬಾರದು. ಅಮೆರಿಕದ ಆರು, ಏಳನೇ ತರಗತಿಯ 221 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಎರಡು ವಾರದ ಪ್ರಯೋಗದಲ್ಲಿ, ಕೃತಜ್ಞತೆಯ ಪಟ್ಟಿ ಬರೆದವರು ಕಿರಿಕಿರಿಯ ಪಟ್ಟಿ ಬರೆದವರಿಗಿಂತ ಶಾಲೆಯ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡರು. ಆದರೆ ಅವರು ಬರೆದದ್ದು ಕಾಗದದಲ್ಲಿ, ಅಪ್ಪ ಅಮ್ಮನ ಎದುರಿಗಲ್ಲ. ಬಾಯಿ ಬಿಡದ ಮಕ್ಕಳಿಗೆ ಚೀಟಿ ಕೊಡುವುದು ಒಳ್ಳೆಯ ದಾರಿ. ಅದನ್ನು ಯಾರೂ ಗಟ್ಟಿಯಾಗಿ ಓದಬಾರದು.

ಕೆಟ್ಟ ದಿನಗಳಿಗೆ ಬೇರೆ ಲೆಕ್ಕ. ಕಣದಲ್ಲಿ ಹರವಿದ ಕಾಫಿಯ ಮೇಲೆ ಅಕಾಲದ ಮಳೆ ಬಿದ್ದ ದಿನ, ಮನೆಯಲ್ಲಿ ಸಾವಾದ ವಾರ, ರಿಸಲ್ಟ್ ಬಂದು ಅಳುತ್ತಿರುವ ರಾತ್ರಿ, ಒಳ್ಳೆಯದನ್ನು ಹುಡುಕು ಎಂದು ಯಾರಿಗೂ ಹೇಳಬಾರದು. ಸುಮ್ಮನೆ ಕೂರುವುದು. ಹೆಚ್ಚೆಂದರೆ ‘ಇವತ್ತು ಯಾರು ಜೊತೇಲಿದ್ರು?’ ಎಂಬ ಒಂದು ಪ್ರಶ್ನೆ. ವಾರಗಟ್ಟಲೆ ಊಟ ನಿದ್ದೆ ಬಿಟ್ಟು ಮಂಕಾಗಿರುವವರಿಗೆ ಇದು ಔಷಧಿಯೂ ಅಲ್ಲ. ಖಿನ್ನತೆ, ಆತಂಕಗಳ ಮೇಲೆ ಇಂಥ ಅಭ್ಯಾಸಗಳ ಪರಿಣಾಮ ಸಣ್ಣದು ಎಂದು 27 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ 2021ರ ವಿಶ್ಲೇಷಣೆ ಹೇಳುತ್ತದೆ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯದ ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ತಪ್ಪಿದ ದಿನಗಳ ಬಾಕಿಯನ್ನು ತುಂಬಲು ಹೋಗಬಾರದು. ನೆಂಟರ ಮನೆ, ಜಾತ್ರೆ, ಜ್ವರ ಅಂತ ನಾಲ್ಕು ದಿನ ಬಿಟ್ಟುಹೋದರೆ ಐದನೆಯ ದಿನ ಐದನೆಯ ದಿನದ್ದನ್ನೇ ಹೇಳುವುದು. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಭಾನುವಾರದ ಫೋನು ಸಾಕು.

ಹತ್ತನೇ ವಾರ ಮುಗಿದ ಮೇಲೆ ಎಲ್ಲರೂ ಕೂತು ನೋಟ್‌ಬುಕ್ಕಿನಲ್ಲಿ ಹೆಸರು ಎಣಿಸಬೇಕು. ಯಾರ ಹೆಸರು ಎಷ್ಟು ಸಲ ಬಂದಿದೆ, ಯಾವ ಕೆಲಸಕ್ಕೆ. ಬಹಳ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಒಂದೇ ಹೆಸರು ಬಂದಿರುತ್ತದೆ, ಅದು ಯಾರದ್ದೆಂದು ಎಣಿಸುವ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತದೆ. ಆ ಹೆಸರಿನವರಿಗೆ ಇನ್ನಷ್ಟು ಹೊಗಳಿಕೆ ಕೊಟ್ಟು ಸುಮ್ಮನಾದರೆ ಅವರ ಕೆಲಸವೇನೂ ಕಡಿಮೆಯಾಗುವುದಿಲ್ಲ. ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬಂದ ಎರಡು ಕೆಲಸಗಳನ್ನು ಆರಿಸಿ ಬೇರೆಯವರ ಹೆಗಲಿಗೆ ದಾಟಿಸಬೇಕು, ವಾರ, ಹೊತ್ತು ಗೊತ್ತುಮಾಡಿ, ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದು. ರಾತ್ರಿಯೇ ಹಂಡೆಗೆ ನೀರು ತುಂಬಿ, ಒಣಸೌದೆಯನ್ನು ಒಳಗೆ ತಂದು ಒಲೆಯ ಪಕ್ಕ ಜೋಡಿಸುವುದು ಹತ್ತು ವರ್ಷದ ಮಗುವಿನ ಕೈಯಲ್ಲೂ ಆಗುವ ಕೆಲಸ. ಐದು ಗಂಟೆಗೆ ಎದ್ದು ಬೆಂಕಿ ಹಚ್ಚುವುದು ಭಾನುವಾರ, ಬುಧವಾರ ಅಪ್ಪನದು.